ತಲೆ ಕೊಟ್ಟ ಅಜ್ಜ

ಮಕ್ಕಳೇ, ಮತ್ತು ಮಕ್ಕಳ ಪಕ್ಕದಲ್ಲೇ ಕೂತು ಕನ್ನಡಕ ಹುಡುಕುತ್ತಿರುವ ಅಜ್ಜ ಅಜ್ಜಿಯರೇ,

ಕಳೆದ ಮೂರು ತಿಂಗಳಿಂದ ನನ್ನ ತಲೆ ನನ್ನದಾಗಿರಲಿಲ್ಲ. ಅದನ್ನು ಮೊಮ್ಮಗಳಿಗೆ ಸಾಲ ಕೊಟ್ಟಿದ್ದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂತ ಅಷ್ಟು ವರ್ಷಗಳಲ್ಲಿ ಎಂತೆಂಥದೋ ಸಾಲದ ಅರ್ಜಿ ನೋಡಿದ್ದೇನೆ. ಎಮ್ಮೆಗೆ ಕೇಳಿದವರಿದ್ದರು, ಹೊಲಿಗೆ ಯಂತ್ರಕ್ಕೆ ಕೇಳಿದವರಿದ್ದರು, ಮಗಳ ಮದುವೆಗೆ ಕೇಳಿದವರಿದ್ದರು. ತಲೆಯನ್ನೇ ಸಾಲ ಕೇಳಿದವಳು ಇವಳೊಬ್ಬಳೇ. ಅದಾದರೂ ಎಂಥ ತಲೆ? ಮುಂದೆಲ್ಲ ಆಟದ ಮೈದಾನ. ಹಿಂದೆ ಮತ್ತು ಕಿವಿಯ ಆಚೀಚೆ ಒಂದಿಷ್ಟು ಬಿಳಿ ಹುಲ್ಲು.

ಈ ಸಾಲದ ಹಿಂದೆ ನನ್ನದೊಂದು ತಪ್ಪಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊಮ್ಮಗಳು ಪಿಯುಸಿ ಮುಗಿಸಿದಳು. ನಾನು ಬಿ.ಕಾಂ. ಓದಿದವನು. ಅವಳೂ ಬಿ.ಕಾಂ. ಓದಲಿ, ಮುಂದೆ ಸಿ.ಎ. ಮಾಡಲಿ ಎಂದು ನನ್ನಷ್ಟಕ್ಕೆ ನಾನೇ ಲೆಕ್ಕ ಬರೆದಿಟ್ಟಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು, "ಅಜ್ಜ, ನಾನು ಸಲೂನಿನಲ್ಲಿ ಕೆಲಸ ಕಲಿಯೋಕೆ ಸೇರಿದೆ" ಎಂದಳು. ನನ್ನ ಬಾಯಿಂದ ಮಾತು ಜಾರಿಯೇ ಹೋಯಿತು. "ಓದೋದು ಬಿಟ್ಟು ಕಂಡೋರ ತಲೆ ತೊಳೆಯೋಕೆ ಹೋಗ್ತೀಯಾ?"

ಅವಳು ಉತ್ತರ ಕೊಡಲಿಲ್ಲ. ಮಜ್ಜಿಗೆ ಲೋಟವನ್ನು ಕೆಳಗಿಟ್ಟು ಎದ್ದು ಹೋದಳು. ಆಮೇಲೆ ಹನ್ನೊಂದು ದಿನ ನನ್ನೊಡನೆ ಮಾತಿಲ್ಲ. ನಾನು ಲೆಕ್ಕದವನು, ಆದ್ದರಿಂದ ಸರಿಯಾಗಿ ನೆನಪಿದೆ.

ಹನ್ನೆರಡನೆಯ ದಿನ ಅವಳೇ ಬಂದಳು. ನಾನು ಪೇಪರ್ ಓದುತ್ತಿದ್ದೆ. ಹಿಂದೆ ನಿಂತು ನನ್ನ ನೆತ್ತಿಯನ್ನು ಸ್ವಲ್ಪ ಹೊತ್ತು ನೋಡಿ, "ಅಜ್ಜ, ನಿನ್ನ ತಲೆ ಬೇಕು" ಎಂದಳು.

ವಿಷಯ ಇಷ್ಟು. ಸಲೂನಿಗೆ ಸೇರಿದವರ ಕೈಗೆ ಯಾರೂ ಮೊದಲ ದಿನವೇ ಕತ್ತರಿ ಕೊಡುವುದಿಲ್ಲವಂತೆ. ನೆಲ ಗುಡಿಸಬೇಕು, ಟವೆಲ್ ಮಡಚಬೇಕು, ಆಮೇಲೆ ತಲೆ ತೊಳೆಯಬೇಕು. ತೊಳೆಯುವುದು ಸರಿಯಾಗಿ ಬಂದ ಮೇಲೆ ಮುಂದಿನ ಪಾಠ. ಅದಕ್ಕೆ ಮನೆಯಲ್ಲೂ ಅಭ್ಯಾಸ ಬೇಕು. ಅಮ್ಮನ ತಲೆ ಆಗಿತ್ತು, ಪಕ್ಕದ ಮನೆಯ ಗೆಳತಿಯರದೂ ಆಗಿತ್ತು. ವಯಸ್ಸಾದವರ ತಲೆ ಒಂದು ಬೇಕಿತ್ತು.

"ನನ್ನ ತಲೆಯಲ್ಲಿ ತೊಳೆಯೋಕೆ ಏನಿದೆ?" ಎಂದೆ.

"ಕೂದಲು ತೊಳೆಯೋದು ಸುಲಭ ಅಜ್ಜ. ಚರ್ಮ ತೊಳೆಯೋದು ಕಷ್ಟ. ವಯಸ್ಸಾದವರ ಚರ್ಮ ತೆಳ್ಳಗಿರುತ್ತೆ. ನಿನಗೆ ನೋವಾಗದ ಹಾಗೆ ತೊಳೆದರೆ ಯಾರಿಗೆ ಬೇಕಾದರೂ ತೊಳೀಬಹುದು."

ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ತಿಂಗಳುಗಟ್ಟಲೆ ನನಗೆ ನೋಟು ಎಣಿಸುವುದು ಬಿಟ್ಟು ಬೇರೆ ಕೆಲಸ ಕೊಟ್ಟಿರಲಿಲ್ಲ. ಒದ್ದೆ ಸ್ಪಂಜಿಗೆ ಬೆರಳು ಒತ್ತುವುದು, ಎಣಿಸುವುದು, ನೂರಾದ ಮೇಲೆ ಕಟ್ಟುವುದು. ಬಿ.ಕಾಂ. ಓದಿ ಇದೇನು ಕೆಲಸ ಎಂದು ಆಗ ನನಗೆ ಸಿಟ್ಟು ಬಂದಿತ್ತು. ಅದೆಲ್ಲ ನೆನಪಾಯಿತು. ಪೇಪರ್ ಮಡಚಿಟ್ಟು ತಲೆ ಕೊಟ್ಟೆ.

ಮನೆಯ ವಾಷ್‌ಬೇಸಿನ್ನಿಗೆ ಬೆನ್ನು ಹಾಕಿ ಕುರ್ಚಿ ಇಟ್ಟಳು. ಹೆಗಲಿಗೆ ಒಂದು ಟವೆಲ್ ಹೊದಿಸಿದಳು. ಇನ್ನೊಂದು ದಪ್ಪ ಟವೆಲನ್ನು ಸುತ್ತಿ ಬೇಸಿನ್ನಿನ ಅಂಚಿಗೂ ನನ್ನ ಕುತ್ತಿಗೆಗೂ ನಡುವೆ ಇಟ್ಟಳು. ಅಷ್ಟು ಮಾಡಿಯೂ ಮೊದಲ ದಿನ ನೀರು ಕಿವಿಗೆ ಹೋಯಿತು, ಬೆನ್ನಿಗಿಳಿಯಿತು, ಬನಿಯನ್ ನೆನೆದು ಪಂಚೆಯವರೆಗೂ ಬಂತು. ಶಾಂಪೂ ಕಣ್ಣಿಗೆ ಬಿತ್ತು. ನಾನು ಕೂಗಿದೆ. ಅಡುಗೆಮನೆಯಿಂದ ಅಜ್ಜಿ, "ಯಾರಿಗೇನಾಯ್ತು?" ಎಂದು ಓಡಿ ಬಂದವಳು, ನನ್ನ ಅವಸ್ಥೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ವಾಪಸು ಹೋದಳು.

ಎರಡನೆಯ ವಾರ ಸ್ವಲ್ಪ ಸುಧಾರಣೆ. ನಾಲ್ಕನೆಯ ವಾರ ನಾನು ನಿದ್ದೆ ಮಾಡಿಬಿಟ್ಟೆ. ಅದೇ ಅವಳಿಗೆ ಸಿಕ್ಕ ಮೊದಲ ಪ್ರಮಾಣಪತ್ರ.

ನಡುವೆ ಅವಳು ಏನೇನು ಕಲಿತಳೋ ಅದನ್ನೆಲ್ಲ ನನಗೂ ಹೇಳುತ್ತಿದ್ದಳು. ನೀರು ತಲೆಗೆ ತಾಗುವ ಮೊದಲು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡಬೇಕು. ಅಷ್ಟೇ ಸಾಲದು, ತೊಳೆಯುತ್ತಿರುವಷ್ಟು ಹೊತ್ತೂ ಒಂದು ಬೆರಳು ನೀರಿನ ಧಾರೆಯಲ್ಲೇ ಇರಬೇಕು. ನೀರು ಇದ್ದಕ್ಕಿದ್ದಂತೆ ಬಿಸಿಯಾದರೆ ಮೊದಲು ತನ್ನ ಬೆರಳಿಗೆ ತಿಳಿಯಬೇಕು, ಕೂತವರ ತಲೆಗಲ್ಲ. ಹಣೆಯ ಹತ್ತಿರ, ಕಿವಿಯ ಹತ್ತಿರ ಅಂಗೈಯನ್ನು ಒಡ್ಡಿನಂತೆ ಹಿಡಿಯಬೇಕು. ಉಗುರು ತಾಗಬಾರದು, ಬೆರಳ ತುದಿಯ ಮೆತ್ತನೆಯ ಭಾಗದಿಂದಲೇ ಉಜ್ಜಬೇಕು. ಎಲ್ಲರೂ ಮರೆಯುವ ಎರಡು ಜಾಗ ಎಂದರೆ ಕಿವಿಯ ಹಿಂಭಾಗ ಮತ್ತು ಹಿಂದಲೆಯ ತಗ್ಗು. ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ತೊಳೆದು ತೆಗೆಯಬೇಕು.

ಮಕ್ಕಳೇ, ಶಾಂಪೂ ಏನು ಮಾಡುತ್ತದೆ ಗೊತ್ತೇ? ತಲೆಯಲ್ಲಿ ಸಹಜವಾಗಿಯೇ ಎಣ್ಣೆ ಒಸರುತ್ತದೆ, ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಎಣ್ಣೆಗೂ ನೀರಿಗೂ ಮಾತುಕತೆಯಿಲ್ಲ. ಶಾಂಪೂವಿನ ಕಣಗಳು ಇವೆರಡರ ನಡುವಿನ ಮಧ್ಯಸ್ಥರು. ಒಂದೊಂದು ಕಣದ ಒಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ನೀರನ್ನು. ನೀರು ಹೊರಟಾಗ ಎಣ್ಣೆಯೂ ಕೊಳೆಯೂ ಅದರ ಹಿಂದೆಯೇ ಹೊರಡುತ್ತವೆ. ನಮ್ಮ ಸೀಗೆಕಾಯಿ, ಅಂಟುವಾಳದಲ್ಲಿರುವ ಸಪೋನಿನ್ ಎಂಬ ವಸ್ತು ಮಾಡುವುದೂ ಇದೇ ಕೆಲಸ.

ಕಂಡೀಷನರ್ ಕತೆ ಬೇರೆ. ಕೂದಲಿನ ಮೈ ಹೆಂಚಿನ ಮಾಡಿನ ಹಾಗಿರುತ್ತದೆ. ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಹೆಂಚುಗಳು ಒಂದರ ಮೇಲೊಂದು, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ. ಬಿಸಿಲು, ಬಾಚಣಿಗೆ, ಬಣ್ಣ ಎಲ್ಲ ಸೇರಿ ಹಳೆಯ ಕೂದಲಿನ ಹೆಂಚುಗಳನ್ನು ಎಬ್ಬಿಸಿರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ಒದ್ದೆ ಕೂದಲಿನ ಮೇಲೆ ಋಣ ವಿದ್ಯುತ್ ಅಂಶ ಇರುತ್ತದೆ, ಕಂಡೀಷನರಿನಲ್ಲಿ ಧನ ಅಂಶದ ಕಣಗಳಿರುತ್ತವೆ. ಋಣ ಇದ್ದಲ್ಲಿಗೆ ಧನ ಹೋಗಿ ಅಂಟಿಕೊಂಡು ಹೆಂಚನ್ನು ಮಲಗಿಸುತ್ತದೆ. ನನ್ನಂಥ ಬ್ಯಾಂಕಿನವನಿಗೆ ಇದು ಕೂಡಲೇ ಅರ್ಥವಾಯಿತು. ಆದ್ದರಿಂದ ಶಾಂಪೂ ಬುಡಕ್ಕೆ, ಕಂಡೀಷನರ್ ಉದ್ದಕ್ಕೂ ತುದಿಗೂ. "ನಿನಗೆ ಕಂಡೀಷನರ್ ಬೇಡ ಅಜ್ಜ, ನಿನ್ನ ಕೂದಲಿಗೆ ತುದಿಯೇ ಇಲ್ಲ" ಎಂದಳು. ಇದನ್ನು ಕೇಳಿದ ಅಜ್ಜಿ, "ದಾಸವಾಳದ ಸೊಪ್ಪಿನ ಲೋಳೆ ಹಚ್ಚುತ್ತಿದ್ದೆವಲ್ಲ, ಸಿಕ್ಕು ಬಿಡಿಸೋಕೆ. ಅದೂ ಇದೇ ಅಲ್ವಾ?" ಎಂದಳು. ಹೆಚ್ಚುಕಡಿಮೆ ಅದೇ.

ಅಜ್ಜ ಅಜ್ಜಿಯರು ಗಮನಿಸಬೇಕಾದ ಮಾತೊಂದಿದೆ. ಸಲೂನಿನ ಬೇಸಿನ್ನಿನಲ್ಲಿ ಕುತ್ತಿಗೆಯನ್ನು ಬಹಳ ಹಿಂದಕ್ಕೆ ಚಾಚಬೇಡಿ. 1993ರಲ್ಲಿ ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್ ಎಂಬವರು, ಹೀಗೆ ತಲೆ ತೊಳೆಸಿಕೊಂಡ ಮೇಲೆ ತೊಂದರೆಗೊಳಗಾದ ಐವರು ಮಹಿಳೆಯರ ಬಗ್ಗೆ ವೈದ್ಯಪತ್ರಿಕೆಯಲ್ಲಿ ಬರೆದರು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ಮೂಲಕವೇ ಹಾದುಹೋಗುತ್ತವೆ. ಕುತ್ತಿಗೆ ತೀರಾ ಬಾಗಿದರೆ ಅವು ಒತ್ತಿಹೋಗಬಹುದು. ಇದು ಅಪರೂಪ, ಹೆದರಬೇಕಾಗಿಲ್ಲ. ಆದರೆ ಕುತ್ತಿಗೆಗೆ ದಪ್ಪ ಟವೆಲ್ ಕೇಳಿ. ತಲೆ ಸುತ್ತಿದರೆ, ಕಣ್ಣು ಮಂಜಾದರೆ ಸಂಕೋಚಪಡದೆ ಕೂಡಲೇ ಹೇಳಿ. ಕುತ್ತಿಗೆ ನೋವಿನವನಾದ ನನ್ನನ್ನು ಮೊಮ್ಮಗಳು ಪ್ರತಿಸಲವೂ, "ಸರಿಯಾಗಿದೆಯಾ ಅಜ್ಜ?" ಎಂದು ಮೂರು ಬಾರಿ ಕೇಳುತ್ತಿದ್ದಳು.

ಒಂದು ದಿನ ನಾನೂ ಅವಳಿಗೊಂದು ಪಾಠ ಹೇಳಿದೆ. ಶಾಂಪೂ ಎಂಬುದು ಇಂಗ್ಲಿಷಿನವರು ನಮ್ಮಿಂದ ಒಯ್ದ ಮಾತು. ಹಿಂದಿಯಲ್ಲಿ ಚಾಂಪ್‌ನಾ ಎಂದರೆ ಒತ್ತುವುದು, ಮೈ ತಿಕ್ಕುವುದು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಐರ್ಲೆಂಡಿಗೆ ಹೋಗಿ, 1794ರಲ್ಲಿ ಇಂಗ್ಲಿಷಿನಲ್ಲಿ ಪ್ರವಾಸಕಥನ ಪ್ರಕಟಿಸಿದ. 1810ರಲ್ಲಿ ಲಂಡನ್ನಿನಲ್ಲಿ ಭಾರತದ ಊಟದ ಹೋಟೆಲ್ ತೆರೆದ, ಅದು ನಷ್ಟವಾಯಿತು. ಆಮೇಲೆ ಬ್ರೈಟನ್ ಎಂಬ ಕಡಲೂರಿನಲ್ಲಿ ಹಬೆ ಸ್ನಾನ ಮಾಡಿಸಿ ಮೈ ತಿಕ್ಕುವ ಕೆಲಸ ಹಿಡಿದ. ಅದನ್ನೇ ಶಾಂಪೂಯಿಂಗ್ ಎನ್ನುತ್ತಿದ್ದರು. ನಾಲ್ಕನೆಯ ಜಾರ್ಜ್ ದೊರೆ ಅವನಿಗೆ ಶಾಂಪೂಯಿಂಗ್ ಸರ್ಜನ್ ಎಂಬ ಬಿರುದನ್ನೇ ಕೊಟ್ಟ. ಆ ಮಾತು ತಲೆ ತೊಳೆಯುವುದಕ್ಕೆ ಬಂದದ್ದು ಆನಂತರ.

"ದೊರೆಗೇ ಮಾಡಿದ ಕೆಲಸ ಅಂತ ನನಗೆ ಸಮಾಧಾನ ಹೇಳ್ತಿದೀಯಾ ಅಜ್ಜ?" ಎಂದಳು. ನನ್ನ ಹಳೆಯ ಮಾತನ್ನು ಅವಳು ಮರೆತಿರಲಿಲ್ಲ.

ಅದೇ ವಾರ ಅವಳು ರಾತ್ರಿ ತಡವಾಗಿ ಬಂದು ಊಟ ಬೇಡ ಎಂದಳು. ಸಲೂನಿನಲ್ಲಿ ನೀರು ಥಟ್ಟನೆ ಬಿಸಿಯಾಗಿ ಒಬ್ಬ ಗಿರಾಕಿಗೆ ಚುರುಕ್ ಎಂದಿತ್ತು. ಒಂದೇ ಒಂದು ಕ್ಷಣ ಬೆರಳು ಧಾರೆಯಿಂದ ಹೊರಗಿತ್ತಂತೆ. ಆಕೆ ಎಲ್ಲರೆದುರು ಕೂಗಾಡಿದ್ದರು. ಇವಳು ಕ್ಷಮೆ ಕೇಳಿ, ಆಮೇಲೆ ಟವೆಲ್ ಇಡುವ ಕೋಣೆಯಲ್ಲಿ ಅತ್ತಿದ್ದಳು. ನಾನು ನನ್ನ ಕತೆ ಹೇಳಿದೆ. ಹೊಸ ಗುಮಾಸ್ತನಾಗಿದ್ದಾಗ ಒಂದು ಸಂಜೆ ನನ್ನ ಲೆಕ್ಕದಲ್ಲಿ 100 ರೂಪಾಯಿ ಕಡಿಮೆ ಬಂದು, ನನ್ನ ಸಂಬಳದಿಂದಲೇ ಕಟ್ಟಿದ್ದೆ. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಾನೂ ಅತ್ತಿದ್ದೆ. ಈ ವಿಷಯ ಅಜ್ಜಿಗೂ ಗೊತ್ತಿರಲಿಲ್ಲ.

ಹೇಳುತ್ತಾ ಅವಳ ಕೈ ಹಿಡಿದುಕೊಂಡೆ. ಬೆರಳ ಸಂದುಗಳು ಕೆಂಪಾಗಿ ಬಿರಿದಿದ್ದವು. ದಿನವಿಡೀ ನೀರು, ನೊರೆ, ಮತ್ತೆ ನೀರು. ಈ ಕೆಲಸ ಮಾಡುವವರಲ್ಲಿ ಬಹಳ ಜನರಿಗೆ ಹೀಗಾಗುತ್ತದೆ. ಪ್ರತಿಸಲ ಕೈಯನ್ನು ಬೆರಳ ಸಂದಿಯವರೆಗೂ ಒರೆಸಿಕೊಳ್ಳಬೇಕು, ಗ್ಲೌಸ್ ಹಾಕಬೇಕು, ಮುಲಾಮು ಹಚ್ಚಬೇಕು. ಮೂರು ತಿಂಗಳು ಆ ಕೈಗೆ ನನ್ನ ತಲೆ ಕೊಟ್ಟಿದ್ದರೂ ಆ ಕೈಯನ್ನು ನಾನು ನೋಡಿಯೇ ಇರಲಿಲ್ಲ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದೆ.

"ಯಾವತ್ತು?"

ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬಾಯಿಂದ ಪೂರ್ತಿ ಹೇಳಿಸಬೇಕಿತ್ತು. ಹೇಳಿದೆ. "ತಪ್ಪಾಯ್ತು" ಎಂದೂ ಹೇಳಿದೆ. ಮೊಮ್ಮಕ್ಕಳ ಹತ್ತಿರ ಆ ಮಾತು ಹೇಳುವುದು ಅಜ್ಜಂದಿರಿಗೆ ಎಷ್ಟು ಕಷ್ಟ ಎಂಬುದು ಅಜ್ಜಂದಿರಿಗೇ ಗೊತ್ತು. ಅವಳು ಎದ್ದು ಹೋಗಿ ತಟ್ಟೆ ತಂದಳು. "ಸಾರು ಬಿಸಿ ಇದೆಯಾ ಅಜ್ಜಿ?" ಎಂದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಳೆಗಾಲದಲ್ಲಿ ನಮ್ಮ ಶಿವಮೊಗ್ಗದ ಹಿತ್ತಲುಗಳಲ್ಲಿ ಪಾಚಿ ಕಟ್ಟುತ್ತದೆ. ಕಳೆದ ತಿಂಗಳು ಅಜ್ಜಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಸಲೂನಿನಲ್ಲಿ ಶನಿವಾರ ಭಾನುವಾರವೇ ಹೆಚ್ಚು ಜನ, ಮೊಮ್ಮಗಳಿಗೆ ಬಿಡುವಿಲ್ಲ. ಹತ್ತು ದಿನವಾದರೂ ಅಜ್ಜಿಯ ತಲೆಗೆ ನೀರು ಬಿದ್ದಿರಲಿಲ್ಲ. ಅವಳು ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಯಾರಾದರೂ ನೋಡಲು ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಕುರ್ಚಿಯನ್ನು ವಾಷ್‌ಬೇಸಿನ್ನಿಗೆ ಬೆನ್ನು ಮಾಡಿ ಇಟ್ಟೆ. ಟವೆಲ್ ಸುತ್ತಿದೆ. ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. "ನಿಮಗೆ ಬರುತ್ತಾ?" ಎಂದಳು ಅಜ್ಜಿ. "ಮೂರು ತಿಂಗಳು ತಲೆ ಕೊಟ್ಟು ಕಲಿತಿದ್ದೇನೆ" ಎಂದೆ.

ಮದುವೆಯಾಗಿ ನಲವತ್ತೇಳು ವರ್ಷ. ಅವಳ ಜಡೆಯನ್ನು ನಾನು ಬಿಚ್ಚಿದ್ದು ಅದೇ ಮೊದಲು. ಹಬ್ಬಹಬ್ಬಕ್ಕೂ ನನಗೆ ಎಣ್ಣೆಯೊತ್ತಿ ಹಂಡೆ ನೀರು ಹುಯ್ದವಳು ಅವಳು. ಅವಳ ತಲೆಗೆ ಯಾರು ನೀರು ಹುಯ್ಯುತ್ತಾರೆಂದು ನಾನು ಕೇಳಿದವನೇ ಅಲ್ಲ. ಮಣಿಕಟ್ಟಿಗೆ ನೀರು ಬಿಟ್ಟು ನೋಡಿದೆ, ಬೆರಳನ್ನು ಧಾರೆಯಲ್ಲೇ ಇಟ್ಟೆ, ಅಂಗೈಯನ್ನು ಕಿವಿಗೆ ಒಡ್ಡಿದೆ. ಕಿವಿಯ ಹಿಂದೆ ತೊಳೆದೆ, ಹಿಂದಲೆಯ ತಗ್ಗನ್ನೂ ತೊಳೆದೆ. ತುದಿಗಳಿಗೆ ಕಂಡೀಷನರ್ ಹಚ್ಚಿ ಬೆರಳಿನಿಂದ ಸಿಕ್ಕು ಬಿಡಿಸಿದೆ. "ಸರಿಯಾಗಿದೆಯಾ?" ಎಂದು ಮೂರು ಸಲ ಕೇಳಿದೆ. ಮೂರನೆಯ ಸಲ ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಅಜ್ಜಿ ನಿದ್ದೆ ಹೋಗಿದ್ದಳು.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ, "ತಲೆಗೆ ನೀರು ಹಾಕಲಾ?" ಎಂದು. ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ, ನೀರು ಉಗುರು ಬೆಚ್ಚಗಿರಲಿ, ಬೆರಳು ಧಾರೆಯಲ್ಲಿರಲಿ. ಬನಿಯನ್ ಒದ್ದೆಯಾದರೆ ಅಜ್ಜಂದಿರು ಕೂಗಬಾರದು. ಇದು ಅನುಭವದ ಮಾತು.

ಅಂದಹಾಗೆ, ನಾನು ಮಾಡಿದ ಕೆಲಸವನ್ನು ಮೊಮ್ಮಗಳು ಅಂದು ಸಂಜೆ ಬಂದು ಪರಿಶೀಲಿಸಿದಳು. ಅಜ್ಜಿಯ ಕೂದಲನ್ನು ಬೆಳಕಿಗೆ ಹಿಡಿದು ನೋಡಿ, "ಎಡಗಿವಿಯ ಹಿಂದೆ ಸ್ವಲ್ಪ ಶಾಂಪೂ ಉಳಿದಿದೆ ಅಜ್ಜ. ಹತ್ತಕ್ಕೆ ಏಳು" ಎಂದಳು.