ಅಮ್ಮಾ, ಬೀಳ್ತೀಯ, ಕೂತ್ಕೋ!

ವಯಸ್ಸಾದವರ ಜೊತೆ ಹೆಜ್ಜೆ ಹಾಕುತ್ತಾ ಏನಾದರೂ ಕೇಳಿದರೆ ಕೆಲವರು ನಡೆಯುತ್ತಲೇ ಉತ್ತರಿಸುತ್ತಾರೆ. ಇನ್ನು ಕೆಲವರು ನಿಂತು, ಉತ್ತರ ಕೊಟ್ಟು, ಆಮೇಲೆ ಮುಂದಡಿ ಇಡುತ್ತಾರೆ. ಸ್ವೀಡನ್ನಿನ ಫಿಸಿಯೋಥೆರಪಿಸ್ಟ್ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು ಇದನ್ನೇ ಒಂದು ಪರೀಕ್ಷೆ ಮಾಡಿಕೊಂಡರು. ವೃದ್ಧರ ವಸತಿಗಳಲ್ಲಿದ್ದ 58 ಮಂದಿಯಲ್ಲಿ 12 ಜನ ಮಾತಿಗೆ ನಿಂತರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ನಿಲ್ಲದೆ ನಡೆದವರೆಲ್ಲ ಕ್ಷೇಮ ಎಂದಲ್ಲ, ಅವರಲ್ಲೂ ಕೆಲವರು ಬಿದ್ದರು. ಆದರೂ ನಡಿಗೆಗೆ ಕಾಲಷ್ಟೇ ಸಾಲದು, ಗಮನವೂ ಬೇಕು ಎಂಬುದು ಕಾಸು ಖರ್ಚಿಲ್ಲದೆ ಗೊತ್ತಾಯಿತು.

ನಮ್ಮಲ್ಲಿ ಅಜ್ಜ ಬಿದ್ದರಂತೆ ಎಂದರೆ ಮೊದಲ ಪ್ರಶ್ನೆ, ‘ಎಲ್ಲಿ?’ ‘ಬಚ್ಚಲಲ್ಲಿ’ ಎಂಬ ಉತ್ತರ ಸಿಕ್ಕಿತೆಂದರೆ ವಿಚಾರಣೆ ಮುಗಿಯಿತು. ತಪ್ಪೆಲ್ಲ ಟೈಲ್ಸಿನದು.

ಟೈಲ್ಸ್ ನಿರಪರಾಧಿಯೇನಲ್ಲ, ಆದರೆ ಒಂಟಿ ಅಪರಾಧಿಯೂ ಅಲ್ಲ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅವಸರವಾಗಿ ಏಳುವ ಎಪ್ಪತ್ತೆಂಟರ ಯಜಮಾನರನ್ನು ನೆನೆಯಿರಿ. ಬಿಪಿ ಮಾತ್ರೆ ಆಗಿದೆ, ನಿದ್ದೆ ಮಾತ್ರೆಯೂ ಆಗಿದೆ. ಧಡಕ್ಕನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಕನ್ನಡಕ ಮೇಜಿನ ಮೇಲಿದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದೆ, ನೆಲ ಎಲ್ಲಿದೆ ಎಂದು ಅದು ಸರಿಯಾಗಿ ಹೇಳುತ್ತಿಲ್ಲ. ಹವಾಯಿ ಚಪ್ಪಲಿಯ ಅಟ್ಟೆ ಸವೆದು ನುಣ್ಣಗಾಗಿದೆ. ಮಗನ ನಿದ್ದೆ ಕೆಟ್ಟೀತೆಂದು ಲೈಟೂ ಹಾಕುವುದಿಲ್ಲ! ಇಷ್ಟೆಲ್ಲ ಆದ ಮೇಲೆ ಬರುವುದು ಬಚ್ಚಲಿನ ಒದ್ದೆ.

ಹೀಗೆ ಕಾರಣಗಳು ಒಂದರ ಮೇಲೊಂದು ಪೇರಿಸಿಕೊಳ್ಳುವುದನ್ನು ಲೆಕ್ಕದಲ್ಲಿ ತೋರಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ. 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿ 1988ರಲ್ಲಿ ವರದಿ ಬರೆದರು. ಸುಮಾರು ಮೂರರಲ್ಲೊಬ್ಬರು ಬಿದ್ದಿದ್ದರು. ನಿದ್ದೆ ಬರಿಸುವ ಔಷಧ, ಮರೆವು, ಕಾಲಿನ ದೌರ್ಬಲ್ಯ, ಪಾದದ ತೊಂದರೆ, ತಪ್ಪುವ ಸಮತೋಲ, ಇಂಥ ಯಾವ ಅಂಶವೂ ಇಲ್ಲದವರಲ್ಲಿ ಬೀಳುವ ಸಂಭವ ಶೇ 8. ನಾಲ್ಕೋ ಹೆಚ್ಚೋ ಇದ್ದವರಲ್ಲಿ ಶೇ 78. ಇದರಲ್ಲೇ ಒಂದು ಆಶಾದಾಯಕ ಸಂಗತಿಯೂ ಅಡಗಿದೆ. ಎಲ್ಲವನ್ನೂ ಸರಿಮಾಡಲಾಗದಿದ್ದರೂ ಒಂದೆರಡನ್ನು ಕಳೆದರೆ ಲಾಭವುಂಟು. 1994ರಲ್ಲಿ ಅವರ ತಂಡ ಮಾತ್ರೆ ಹೊಂದಿಸಿ, ವ್ಯಾಯಾಮ ಕಲಿಸಿ ನೋಡಿದಾಗ, ಒಂದು ವರ್ಷದಲ್ಲಿ ಬಿದ್ದವರ ಪ್ರಮಾಣ ಶೇ 35ಕ್ಕೆ ನಿಂತಿತು. ಈ ಆರೈಕೆ ಸಿಗದ ಗುಂಪಿನಲ್ಲಿ ಅದು ಶೇ 47.

ಮೂಳೆ ಮುರಿದರೆ ಎಕ್ಸ್‌ರೇ ತೋರಿಸುತ್ತದೆ. ಬೀಳುವ ಭಯವನ್ನು ಯಾವ ಯಂತ್ರ ತೋರಿಸೀತು? ಒಮ್ಮೆ ಬಿದ್ದವರಿಗೆ ಮಾತ್ರವಲ್ಲ, ಎಂದೂ ಬೀಳದವರಿಗೂ ಅದು ಅಂಟಿಕೊಳ್ಳುತ್ತದೆ. ‘ಭಯವೇ?’ ಎಂದು ಕೇಳಿದರೆ ನಮ್ಮ ಹಿರಿಯರು ‘ಏನಿಲ್ಲಪ್ಪಾ’ ಅನ್ನುತ್ತಾರೆ. ಆದರೆ ದೇವಸ್ಥಾನಕ್ಕೆ ಹೋಗುವುದು ನಿಲ್ಲುತ್ತದೆ, ಮದುವೆಮನೆಗೆ ‘ನೀವೇ ಹೋಗ್ಬನ್ನಿ’ ಎನ್ನುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ. ಟಿನೆಟ್ಟಿ 1990ರಲ್ಲಿ ರೂಪಿಸಿದ ಪ್ರಶ್ನಾವಳಿ ಭಯದ ಸುದ್ದಿಯನ್ನು ನೇರವಾಗಿ ಎತ್ತದೆ, ಸ್ನಾನ ಮಾಡಲು, ಕಪಾಟಿನಿಂದ ವಸ್ತು ತೆಗೆಯಲು ಎಷ್ಟು ಧೈರ್ಯವಿದೆ ಎಂದು ವಿಚಾರಿಸುವುದು ಇದಕ್ಕೇ.

ಮನೆಮಂದಿಯ ಪ್ರೀತಿ ಎಡವುವುದೂ ಇಲ್ಲೇ. ‘ಅಮ್ಮಾ, ಬೀಳ್ತೀಯ, ಕೂತ್ಕೋ’ ಎನ್ನುತ್ತಾರೆ. ಕೂತವರ ತೊಡೆಯ ಸ್ನಾಯು ಕರಗುತ್ತದೆ, ಸಮತೋಲದ ರೂಢಿ ತಪ್ಪುತ್ತದೆ, ಮುಂದಿನ ಸಲ ಎದ್ದಾಗ ನಿಜಕ್ಕೂ ಬೀಳುತ್ತಾರೆ. ‘ನಾನು ಹೇಳಲಿಲ್ವಾ?’ ಎನ್ನಲು ಮಕ್ಕಳು ಸಿದ್ಧ.

ಸಿಡ್ನಿಯಲ್ಲಿ 70ರಿಂದ 90 ವಯಸ್ಸಿನ 500 ಮಂದಿಯ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ದೇಹ ಗಟ್ಟಿಯಿದ್ದೂ ಹೆದರುವವರು ಶೇ 11. ದೇಹ ಕುಗ್ಗಿದ್ದರೂ ಹೆದರದವರು ಶೇ 20. ಹೆದರದ ಈ ಮೊಂಡರೇ ಹೆಚ್ಚು ಬಿದ್ದರೆಂದು ಊಹಿಸಿದರೆ ತಪ್ಪು. ಓಡಾಟ, ಜನರ ಒಡನಾಟ ಬಿಡದ ಅವರ ಲವಲವಿಕೆಯೇ ಅವರನ್ನು ಒಂದಷ್ಟು ಕಾಯ್ದಿತ್ತು. ಹಾಗೆಂದು ಧೈರ್ಯ ಹೇಳಿ ಬಿಟ್ಟರಾಗದು. ಬಚ್ಚಲಿಗೆ ಹಿಡಿಕೆ, ಹಾದಿಗೆ ಸಣ್ಣ ದೀಪ, ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಅಭ್ಯಾಸ, ಇವೆಲ್ಲ ಬೇಕು.

ಮುಂದಿನ ಸಲ ಅಪ್ಪ ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಮಾತ್ರೆಗಳ ಡಬ್ಬಿಯನ್ನು ಇಡಿಯಾಗಿ ಒಯ್ಯಿರಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಲು ಕೇಳಿ; ಮೇಲಿನ ಅಂಕಿ 20ರಷ್ಟು ಇಳಿದರೆ ಮಾತ್ರೆಗಳ ಬಗ್ಗೆ ಮಾತಾಡಬೇಕು. ಕಳೆದ ವರ್ಷ ಬಿದ್ದಿದ್ದರೆ ಅದನ್ನು ನೀವೇ ಹೇಳಿ, ಅವರು ಹೇಳುವುದಿಲ್ಲ.