ಒಂದೆಲಗಕ್ಕೂ ಒರೆಗಲ್ಲು ಬೇಕು

ಮೂರ್ಛೆರೋಗಕ್ಕೆ ಮದ್ದು ಹೇಳದವರು ನಮ್ಮಲ್ಲಿ ವಿರಳ. ಒಂದೆಲಗದ ರಸ, ತೇಯ್ದ ಬಜೆ, ಬ್ರಾಹ್ಮೀ ಘೃತ, ಶಂಖಪುಷ್ಪಿಯ ಸಿರಪ್ಪು: ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ ಸೇರಿದ ಮೇಲೂ ಈ ಪಟ್ಟಿ ನಮ್ಮ ಬೆನ್ನು ಬಿಟ್ಟಿಲ್ಲ. ಈಚೆಗೆ ಅದಕ್ಕೆ ‘ವಿಜ್ಞಾನಿಗಳೂ ಒಪ್ಪಿದ್ದಾರೆ’ ಎಂಬ ಒಂದು ವಾಕ್ಯ ಸೇರಿಕೊಂಡಿದೆ. ವಿಜ್ಞಾನಿಗಳು ಒಪ್ಪಿದ್ದು ಏನನ್ನು, ಎಷ್ಟರಮಟ್ಟಿಗೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸಾಮಾನ್ಯವಾಗಿ ನಡೆಯುವ ಪರೀಕ್ಷೆ ಹೀಗಿರುತ್ತದೆ. ಸಸ್ಯವನ್ನು ಒಣಗಿಸಿ, ಪುಡಿಮಾಡಿ, ನೀರಿನಲ್ಲೋ ಮದ್ಯಸಾರದಲ್ಲೋ ಅದರ ಸಾರ ತೆಗೆದು ಇಲಿಗಳಿಗೆ ಕೊಡುತ್ತಾರೆ. ಬಳಿಕ ವಿದ್ಯುತ್ ಆಘಾತದಿಂದಲೋ ಪೆಂಟಿಲೀನ್‌ಟೆಟ್ರಜೋಲ್ ಎಂಬ ರಾಸಾಯನಿಕದಿಂದಲೋ ಸೆಳವು ಬರಿಸುತ್ತಾರೆ. ಸೆಳವು ತಡವಾದರೆ ಅಥವಾ ಬಾರದಿದ್ದರೆ, ಸಾರಕ್ಕೆ ಸೆಳವು ತಡೆಯುವ ಗುಣವಿದೆ ಎಂದು ಪ್ರಬಂಧ ಪ್ರಕಟವಾಗುತ್ತದೆ. ಈ ವಿಧಾನವನ್ನು ಹಗುರವಾಗಿ ಕಾಣುವಂತಿಲ್ಲ. ಬಾಸ್ಟನ್ನಿನಲ್ಲಿ ಮೆರಿಟ್ ಮತ್ತು ಪಟ್ನಮ್ ಬೆಕ್ಕುಗಳ ಮೇಲೆ ಇಂಥದೇ ವಿದ್ಯುತ್ ಪ್ರಯೋಗ ನಡೆಸಿ ಫೆನಿಟಾಯಿನ್ನಿನ ಗುಣವನ್ನು ಕಂಡುಕೊಂಡರು. ಆದರೆ ಅವರು ಬೆಕ್ಕಿನಲ್ಲಿಗೇ ನಿಲ್ಲಲಿಲ್ಲ. 1938ರ ವೇಳೆಗೆ ರೋಗಿಗಳಲ್ಲಿ ಅದರ ಫಲವನ್ನು ವರದಿ ಮಾಡಿದ್ದರು. ನಮ್ಮ ಗಿಡಮೂಲಿಕೆಗಳ ಮೇಲಿನ ಪ್ರಬಂಧಗಳಲ್ಲಿ ಬಹುಪಾಲು ಇಲಿಯ ಪಂಜರವನ್ನು ದಾಟುವುದೇ ಇಲ್ಲ. ಅರ್ಧ ದಾರಿಯಲ್ಲಿ ನಿಂತ ಇಂಥ ಸಂಶೋಧನೆ ಜ್ಞಾನವಾಗಿ ಬೆಳೆಯದೆ ಜಾಹೀರಾತಾಗಿ ಬಳಕೆಯಾಗುತ್ತದೆ ಎಂಬುದೇ ನನ್ನ ಆಕ್ಷೇಪ.

ಪರೀಕ್ಷೆ ಎಷ್ಟು ಸುಲಭವಾಗಿ ದಾರಿ ತಪ್ಪಬಲ್ಲದು ಎಂಬುದಕ್ಕೆ ವಾಲ್ಪ್ರೊಯೇಟಿನ ಕಥೆಯೇ ಸಾಕ್ಷಿ. 1962ರಲ್ಲಿ ಫ್ರಾನ್ಸಿನ ಪಿಯರ್ ಎಮಾರ್, ಖೆಲ್ಲಿನ್ ಎಂಬ ಸಸ್ಯಜನ್ಯ ವಸ್ತುವಿನಿಂದ ಹೊಸ ಸಂಯುಕ್ತಗಳನ್ನು ತಯಾರಿಸುತ್ತಿದ್ದರು. ಅವು ಸುಲಭವಾಗಿ ಕರಗದ ಕಾರಣ ವಾಲ್ಪ್ರೊಯಿಕ್ ಆಮ್ಲವನ್ನು ದ್ರಾವಕವಾಗಿ ಬಳಸಿದರು. ಪ್ರಾಣಿಗಳಲ್ಲಿ ಸೆಳವು ನಿಂತಿತು. ಸಂಬಂಧವೇ ಇಲ್ಲದ ಬೇರೊಂದು ವಸ್ತುವನ್ನು ಅದೇ ದ್ರಾವಕದಲ್ಲಿ ಕರಗಿಸಿ ಕೊಟ್ಟಾಗಲೂ ಫಲ ಅದೇ. ಕೆಲಸ ಮಾಡಿದ್ದು ದ್ರಾವಕ! ಆ ದ್ರಾವಕವೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಔಷಧಿ. ಹೋಲಿಸಿ ನೋಡುವ ಎಚ್ಚರ ಇಲ್ಲದಿದ್ದರೆ ಕೀರ್ತಿ ಖೆಲ್ಲಿನ್ನಿಗೆ ಸಲ್ಲುತ್ತಿತ್ತು, ರೋಗಿಗೆ ಏನೂ ದಕ್ಕುತ್ತಿರಲಿಲ್ಲ.

ನಮ್ಮ ಮೂಲಿಕೆಗಳ ವಿಷಯದಲ್ಲಿ ತೊಡಕು ಹೆಸರಿನಿಂದಲೇ ಆರಂಭವಾಗುತ್ತದೆ. ಕರ್ನಾಟಕದಲ್ಲಿ ಬ್ರಾಹ್ಮಿ ಎಂದರೆ ಬಹುಮಂದಿಗೆ ಒಂದೆಲಗ; ಚೆನ್ನೈಯಲ್ಲಿ ಅದು ವಲ್ಲಾರೈ. ಆಯುರ್ವೇದದ ಔಷಧಕೋಶದಲ್ಲಿ ಒಂದೆಲಗ ಮಂಡೂಕಪರ್ಣಿ. ಬ್ರಾಹ್ಮಿ ಎಂಬ ಹೆಸರು ನೀರುಬ್ರಾಹ್ಮಿಗೆ ಮೀಸಲು. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಶಂಖಪುಷ್ಪಿಯ ಹೆಸರಿನಲ್ಲಂತೂ ಒಂದೊಂದು ಸೀಮೆಯಲ್ಲಿ ಒಂದೊಂದು ಗಿಡ. ವಿಷ್ಣುಕ್ರಾಂತಿಯೂ ಆ ಸಾಲಿನಲ್ಲಿದೆ. ಒಂದು ಗಿಡದ ಮೇಲಿನ ಪ್ರಯೋಗವನ್ನು ಇನ್ನೊಂದರ ಸೀಸೆಗೆ ಅಂಟಿಸಿದರೆ ಅದಕ್ಕೆ ಪ್ರಮಾಣವೆನ್ನಲಾದೀತೆ?

ಸಸ್ಯವೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಪ್ರಯೋಗಾಲಯದಲ್ಲಿ ಸೆಳವು ಬರಿಸಲು ಬಳಸುವ ಪಿಕ್ರೊಟಾಕ್ಸಿನ್ ದೊರೆಯುವುದು ಮೀನು ಹಿಡಿಯಲು ಬಳಸುವ ಕಾಕಮಾರಿಯ ಕಾಯಿಯಿಂದ. ಕರ್ಪೂರ ಮತ್ತು ನೀಲಗಿರಿ ಎಣ್ಣೆಗಳಿಂದ ಸೆಳವು ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ದಾಖಲಿಸಿದ್ದಾರೆ. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯ ಔಷಧವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವು, ಅದೇ ನಗರದಲ್ಲಿ ಬಾಳುವವರಾದರೂ, ನೆನಪಿಟ್ಟುಕೊಳ್ಳಬೇಕು. ಫೆನಿಟಾಯಿನ್ ಸೇವಿಸುತ್ತಿದ್ದ ಇಬ್ಬರು ರೋಗಿಗಳು ಶಂಖಪುಷ್ಪಿಯ ಸಿದ್ಧೌಷಧವನ್ನೂ ಸೇವಿಸತೊಡಗಿದಾಗ, ಹತೋಟಿಯಲ್ಲಿದ್ದ ಸೆಳವು ಕೈಮೀರಿತು. ಆ ಸುಳಿವನ್ನು ಹಿಡಿದು ಇಲಿಗಳಲ್ಲಿ ಪರೀಕ್ಷಿಸಿದಾಗ, ಎರಡನ್ನೂ ಕೂಡಿಸಿ ಹಲವು ಬಾರಿ ಕೊಟ್ಟರೆ ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಇಳಿಯುತ್ತದೆಂದು ಕಂಡುಬಂತು. ಇಲಿಯ ಪ್ರಯೋಗ ರೋಗಿಯ ಹಿತಕ್ಕೆ ಒದಗಿದ ಬಗೆ ಇದು.

ಇದಕ್ಕೊಂದು ನ್ಯಾಯವಾದ ಉತ್ತರವಿದೆ. ಒಂದೆಲಗಕ್ಕೆ ಪೇಟೆಂಟ್ ಸಿಗುವುದಿಲ್ಲ. ಹಾಗಿರುವಾಗ ದೊಡ್ಡ ಪ್ರಯೋಗಕ್ಕೆ ಹಣ ಹಾಕುವ ಕಂಪನಿ ಯಾವುದು ಎಂದು ಕೇಳುವವರಿದ್ದಾರೆ. ಆ ಮಾತು ದಿಟ. ಆದರೆ ಅದರಿಂದ ಹೊರಡಬೇಕಾದ ತೀರ್ಮಾನ, ಸರ್ಕಾರ ಆ ಹೊಣೆ ಹೊರಬೇಕು ಎಂಬುದೇ ಹೊರತು ಪರೀಕ್ಷೆ ಬೇಡ ಎಂಬುದಲ್ಲ. ಮಾಡಿದರೆ ಆಗುತ್ತದೆ ಎಂಬುದಕ್ಕೆ ಗಾಂಜಾ ಗಿಡವೇ ನಿದರ್ಶನ. ಕಲ್ಕತ್ತೆಯಲ್ಲಿ ವೈದ್ಯ ಓಶಾನೆಸಿ ಅದರ ಸಾರವನ್ನು ಸೆಳವಿಗೆ ಕೊಟ್ಟು ನೋಡಿದ್ದು 1840ರ ಆಸುಪಾಸಿನಲ್ಲಿ. ಅದರಲ್ಲಿರುವ ಕ್ಯಾನಬಿಡಯಾಲನ್ನು ಶುದ್ಧರೂಪದಲ್ಲಿ, ಡ್ರಾವೆ ಸಿಂಡ್ರೋಮ್ ಎಂಬ ಉಗ್ರ ಮೂರ್ಛೆರೋಗವುಳ್ಳ 120 ಮಂದಿ ಎಳೆಯರಲ್ಲಿ ಪರೀಕ್ಷಿಸಿದ ಫಲಿತಾಂಶ ಬಂದದ್ದು 2017ರಲ್ಲಿ. ಔಷಧಿ ಪಡೆದ ಗುಂಪಿನಲ್ಲಿ ತಿಂಗಳಿನ ಸೆಳವಿನ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು, ಹುಸಿಮದ್ದು ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು. ತೂಕಡಿಕೆ, ಯಕೃತ್ತಿನ ತೊಂದರೆಗಳನ್ನೂ ಮುಚ್ಚಿಡದೆ ದಾಖಲಿಸಿದರು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿಯೂ ಮಕ್ಕಳು ಮೊದಲಿನ ಮಾತ್ರೆಗಳನ್ನು ಬಿಡಲಿಲ್ಲ. ಹೊಸದನ್ನು ಅವುಗಳ ಜೊತೆಗೇ ಕೊಟ್ಟು ನೋಡಿದ್ದು.

ನಾನು ಕೇಳುವುದು ಇಷ್ಟೇ. ಗಿಡ ಯಾವುದೆಂದು ಖಚಿತಪಡಿಸಿ, ಸಾರದ ಸತ್ತ್ವವನ್ನು ಅಳೆದು, ಮೊದಲೇ ನೋಂದಾಯಿಸಿ, ಈಗಿನ ಚಿಕಿತ್ಸೆಯನ್ನು ನಿಲ್ಲಿಸದೆ ಮನುಷ್ಯರಲ್ಲಿ ಪರೀಕ್ಷೆ ನಡೆಯಲಿ. ಫಲ ಸಿಗದಿದ್ದರೆ ಅದೂ ಪ್ರಕಟವಾಗಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಶೇ. 70ರಷ್ಟು ಜನ ಸೆಳವಿಲ್ಲದೆ ಬಾಳಬಲ್ಲರು. ಉಳಿದವರಿಗಾಗಿ ಹೊಸ ಮದ್ದು ಹುಡುಕಲೇಬೇಕು. ಅದು ನಮ್ಮ ಗದ್ದೆಯ ಬದುವಿನಲ್ಲೇ ಇದ್ದರೂ ಇರಬಹುದು. ಆದರೆ ಆ ಶೇ. 70ರಲ್ಲಿ ಇರಬಹುದಾದ ಒಬ್ಬಳು ಹುಡುಗಿಯ ಮಾತ್ರೆಯನ್ನು ಕಷಾಯದ ನಂಬಿಕೆಯಿಂದ ಒಮ್ಮೆಲೇ ನಿಲ್ಲಿಸಿದರೆ, ಬಿಡದೆ ಬರುವ ಸೆಳವು ಅವಳ ಪ್ರಾಣಕ್ಕೇ ಎರವಾದೀತು. ಪರಂಪರೆಯ ಮೇಲಿನ ಗೌರವಕ್ಕೆ ಅವಳು ಬೆಲೆ ತೆರಬೇಕಾಗಿಲ್ಲ.