ಶೂ ಲೇಸಿಗೂ ಒಂದು ಕಾದಂಬರಿ

ಕಾದಂಬರಿ ಎಂದರೆ ಪ್ರೇಮ, ಕೊಲೆ, ಯುದ್ಧ ಏನಾದರೊಂದು ಇರಲೇಬೇಕು ಎಂದು ನಾನು ನಂಬಿದ್ದೆ. ಅಮೆರಿಕದ ಲೇಖಕ ನಿಕಲ್ಸನ್ ಬೇಕರ್ ಅವರ 'ದಿ ಮೆಜನೈನ್' ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. 1988ರಲ್ಲಿ ಪ್ರಕಟವಾದ ಈ ಪುಟ್ಟ ಪುಸ್ತಕದ ಕಥೆ ಒಂದೇ ವಾಕ್ಯದ್ದು: ಹೋವಿ ಎಂಬ ನೌಕರ ಊಟದ ವಿರಾಮದಲ್ಲಿ ಹೊಸ ಶೂ ಲೇಸ್ ಕೊಂಡು, ಎಸ್ಕಲೇಟರ್ ಹತ್ತಿ ಕಚೇರಿಗೆ ಮರಳುತ್ತಾನೆ.

"ಇದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ ಮಾರಾಯ" ಎಂದು ಗೆಳೆಯನೊಬ್ಬ ಅರ್ಧಕ್ಕೇ ಕೈಬಿಟ್ಟ. ನಡೆಯುತ್ತದೆ, ಅದನ್ನು ನಮಗೆ ಕಾಣಿಸುವುದು ಲೇಖಕರು ಬಳಸಿದ ತಂತ್ರಗಳು. ಒಂದು, ಕಾಲವನ್ನು ಹಿಗ್ಗಿಸುವುದು. ಎಸ್ಕಲೇಟರ್ ಮೇಲೇರುವ ಕೆಲವೇ ಕ್ಷಣಗಳಲ್ಲಿ ಆ ಮಧ್ಯಾಹ್ನವೂ ಬಾಲ್ಯದ ನೆನಪುಗಳೂ ಬಂದುಹೋಗುತ್ತವೆ. ಎರಡು, ಅಡಿಟಿಪ್ಪಣಿ. ಪಠ್ಯಪುಸ್ತಕದಲ್ಲಿ ನಾವು ಓದದೆ ಬಿಡುವ ಆ ಸಣ್ಣ ಅಕ್ಷರಗಳು ಇಲ್ಲಿ ಪುಟದಿಂದ ಪುಟಕ್ಕೆ ಬೆಳೆಯುತ್ತವೆ. ಪ್ಲಾಸ್ಟಿಕ್ ಸ್ಟ್ರಾ ಪಾನೀಯದಲ್ಲಿ ನಿಲ್ಲದೆ ಏಕೆ ತೇಲುತ್ತದೆ ಎಂಬುದಕ್ಕೂ ಅಲ್ಲಿ ಜಾಗವಿದೆ. ಎಲ್ಲರೂ ಕ್ಷುಲ್ಲಕ ಎಂದು ಕೆಳಗೆ ತಳ್ಳಿದ್ದಕ್ಕೆ ಲೇಖಕರು ಗೌರವ ಕೊಟ್ಟಿದ್ದಾರೆ.

ನನ್ನ ಅಬ್ಬಾ ಗುಮಾಸ್ತರು. "ಇವತ್ತು ಆಫೀಸಿನಲ್ಲಿ ಏನಾಯಿತು?" ಎಂದು ನಾನು ಅವರನ್ನು ಯಾವತ್ತೂ ಕೇಳಿರಲಿಲ್ಲ. 'ಏನಿಲ್ಲ' ಎಂಬುದೇ ಉತ್ತರವೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಪುಸ್ತಕ ಮುಗಿಸಿದ ರಾತ್ರಿ ಕೇಳಿದೆ. ಒಣಗಿದ ಸ್ಟ್ಯಾಂಪ್ ಪ್ಯಾಡಿಗೆ ಎರಡು ಹನಿ ನೀರು ಹಾಕಿ ದಿನ ದೂಡಿದ್ದು, ಓದಲು ಬಾರದ ಅಜ್ಜಿಯೊಬ್ಬರಿಗೆ ಅವರ ಅರ್ಜಿಯನ್ನು ಮೂರು ಸಲ ಓದಿ ಹೇಳಿದ್ದು, ಅಷ್ಟರಲ್ಲಿ ಊಟದ ಹೊತ್ತು ಮೀರಿದ್ದು, ಹೀಗೆ ಅರ್ಧ ಗಂಟೆ ಮಾತಾಡಿದರು. ಅನ್ನ ತಣ್ಣಗಾಗುತ್ತದೆ ಎಂದು ಅಮ್ಮಿ ಎರಡು ಸಲ ಕರೆದರು. ಹದಿನೇಳು ವರ್ಷ ಜೊತೆಗಿದ್ದೂ ಅಬ್ಬಾರ ದಿನದ ದೊಡ್ಡ ಪಾಲನ್ನು ನಾನು ಓದದೆ ಬಿಟ್ಟಿದ್ದೆ.

ಪರೀಕ್ಷೆಯಲ್ಲಿ ಉಪಮೆ ಯಾವುದು, ರೂಪಕ ಯಾವುದು ಎಂದು ಗುರುತಿಸಿದರೆ ನಮಗೆ ಅಂಕ ಸಿಗುತ್ತದೆ. ಅದು ಬೇಡ ಎನ್ನುತ್ತಿಲ್ಲ. ಆದರೆ ಆ ತಂತ್ರ ಅಲ್ಲಿ ಏನು ಕೆಲಸ ಮಾಡುತ್ತಿದೆ, ಅದಿಲ್ಲದಿದ್ದರೆ ನಾವು ಏನನ್ನು ಕಾಣುತ್ತಿರಲಿಲ್ಲ ಎಂಬ ಪ್ರಶ್ನೆಯನ್ನೂ ನಮ್ಮ ಉಪನ್ಯಾಸಕರು ತರಗತಿಯಲ್ಲಿ ಕೇಳಲಿ ಎಂಬುದು ನನ್ನ ವಿನಂತಿ. ಗೆಳೆಯರೇ, ನೀವೂ ಇಂದು ಮನೆಯಲ್ಲಿ ದುಡಿದು ಬಂದವರ ಪಕ್ಕ ಕುಳಿತು ಅವರ ಹತ್ತು ನಿಮಿಷದ ಕೆಲಸವನ್ನು ಕೇಳಿ ಬರೆಯಿರಿ. ಅಡಿಟಿಪ್ಪಣಿಗೆ ಜಾಗ ಬಿಟ್ಟಿರಿ.